ಭಿತ್ತಿಪತ್ರವೂ ಅನೇಕಾಂತವೂ

ಅನೇಕ ಚಿತ್ರಗಳನ್ನು ಕತ್ತರಿಸಿ ಒಂದೇ ಹಾಳೆಯ ಮೇಲೆ ಜೋಡಿಸುವ ಕಲೆಯನ್ನು ಕೊಲಾಜ್ ಎನ್ನುತ್ತಾರೆ. ನಗರವೊಂದರ ವೈವಿಧ್ಯವನ್ನು ಕೊಂಡಾಡುವ ಇಂತಹ ಭಿತ್ತಿಪತ್ರವನ್ನು ರಚಿಸುವುದು ಮೇಲುನೋಟಕ್ಕೆ ಕಲಾವಿದನ ಕೆಲಸ. ಆದರೆ ಯಾರನ್ನು ಸೇರಿಸಬೇಕು, ಯಾರಿಗೆಷ್ಟು ಸ್ಥಳ ಕೊಡಬೇಕು ಎಂಬ ಪ್ರಶ್ನೆ ಎದುರಾದೊಡನೆ ಅದು ನೀತಿಯ ವಿಷಯವಾಗುತ್ತದೆ.

ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಪೇಟೆಯ ವರ್ತಕರು ಕೆಲವರು ಸೇರಿ ಅಂತಹದೊಂದು ಭಿತ್ತಿಪತ್ರವನ್ನು ಮಾಡಿಸಿದೆವು. ಮುದ್ರಣದ ವೆಚ್ಚದಲ್ಲಿ ಹೆಚ್ಚಿನ ಪಾಲು ನನ್ನದು. ಕಲಾವಿದರು ತಂದ ಕರಡಿನಲ್ಲಿ ನಮ್ಮ ಜಿನಮಂದಿರವು ನಟ್ಟನಡುವೆ, ಎಲ್ಲಕ್ಕಿಂತ ದೊಡ್ಡದಾಗಿ ನಿಂತಿತ್ತು. ಬಸವನಗುಡಿಯ ಕಡಲೆಕಾಯಿ ಪರಿಷೆ, ಶಿವಾಜಿನಗರದ ಸಂತ ಮೇರಿ ಬೆಸಿಲಿಕಾ, ಹಲಸೂರಿನ ಗುರುದ್ವಾರ, ಮಸ್ತಾನ್ ಸಾಹೇಬರ ದರ್ಗಾ ಇವೆಲ್ಲ ಸುತ್ತಲೂ ಅಂಚೆಚೀಟಿಗಳಂತೆ ಅಂಟಿದ್ದವು. ನನಗೆ ಸಂತೋಷವೇ ಆಯಿತೆಂದು ಒಪ್ಪಿಕೊಳ್ಳುತ್ತೇನೆ. ಆಗ ಅಂಗಡಿಗೆ ಮೂಟೆ ತಂದಿಳಿಸಿದ ಹಮಾಲಿಯೊಬ್ಬ ಅದನ್ನು ನೋಡಿ, "ಚೆನ್ನಾಗೈತೆ ಯಜಮಾನ್ರೇ. ನಮ್ ಗಾಡಿ ಮಾತ್ರ ಎಲ್ಲೂ ಕಾಣಲ್ಲ" ಎಂದ.

ಆ ಮಾತಿನಲ್ಲಿ ದೂರಿರಲಿಲ್ಲ. ಆದರೂ ಅದು ನನ್ನನ್ನು ಬಿಡಲಿಲ್ಲ. ಅಕ್ಕಿಪೇಟೆ, ತರಗುಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ ಎಂಬ ಹೆಸರುಗಳೇ ಹಳೆಯ ಊರಿನ ದುಡಿಮೆಯ ಪಟ್ಟಿ. ನಾವು ಗೋಪುರಗಳನ್ನು ಎಣಿಸಿ ದುಡಿಯುವವರನ್ನು ಮರೆತಿದ್ದೆವು.

ವಸ್ತುವಿನ ಒಂದು ಮುಖವನ್ನು ಹಿಡಿದು ಹೇಳುವುದು ನಯ. ಅದೇ ಪೂರ್ಣವೆಂದು ಉಳಿದುದನ್ನು ಅಲ್ಲಗಳೆದರೆ ಅದು ದುರ್ನಯ. ಸಿದ್ಧಸೇನ ದಿವಾಕರರು ಸನ್ಮತಿತರ್ಕದಲ್ಲಿ ರತ್ನಾವಳಿಯ ದೃಷ್ಟಾಂತವನ್ನು ಕೊಡುತ್ತಾರೆ. ರತ್ನಗಳು ಎಷ್ಟೇ ಬೆಲೆಯುಳ್ಳವಾದರೂ ಬಿಡಿಯಾಗಿದ್ದಾಗ ಹಾರವೆನಿಸವು. ತಕ್ಕ ಸ್ಥಾನದಲ್ಲಿ ಪೋಣಿಸಿದಾಗಲೇ ಅವಕ್ಕೆ ಆ ಹೆಸರು. ಚಿತ್ರಗಳನ್ನು ಪಕ್ಕಪಕ್ಕದಲ್ಲಿ ಅಂಟಿಸಿದ ಮಾತ್ರಕ್ಕೆ ನಗರವಾಗದು. ಚೈತ್ರ ಹುಣ್ಣಿಮೆಯ ರಾತ್ರಿ ಧರ್ಮರಾಯಸ್ವಾಮಿ ದೇವಾಲಯದಿಂದ ಹೊರಟ ಕರಗವು ಮಸ್ತಾನ್ ಸಾಹೇಬರ ದರ್ಗಾಕ್ಕೆ ಭೇಟಿಯಿತ್ತು ಮುಂದೆ ಸಾಗುತ್ತದೆಯಲ್ಲ, ಆ ನಡಿಗೆಯೇ ದಾರ.

ಹಾಳೆ ಚಿಕ್ಕದು, ಎಲ್ಲರನ್ನೂ ತುಂಬಲು ಸಾಧ್ಯವೇ ಎಂದು ಮಿತ್ರರು ಆಕ್ಷೇಪಿಸಿದರು. ನಿಜ. ಬಿಟ್ಟುಹೋಗುವುದು ಅನಿವಾರ್ಯ, ಬಿಟ್ಟದ್ದನ್ನು ಇಲ್ಲವೆಂದು ಭಾವಿಸುವುದು ಅನಿವಾರ್ಯವಲ್ಲ. 'ಸ್ಯಾತ್' ಎಂಬ ಪದವು ನಮಗೆ ಕಲಿಸುವ ವಿನಯ ಇದೇ.

ಮಂದಿರದ ಚಿತ್ರವನ್ನು ಕಿರಿದುಗೊಳಿಸಿ, ಗಾಡಿಗೆ ಸ್ಥಳ ಮಾಡಿದೆವು. ಛಾಯಾಚಿತ್ರಕ್ಕೆ ಹಮಾಲಿಯ ಒಪ್ಪಿಗೆ ಕೇಳಿದಾಗ, "ನಾಳೆ ಒಳ್ಳೆ ಅಂಗಿ ಹಾಕ್ಕೊಂಡು ಬತ್ತೀನಿ" ಎಂದ. ಹರಕು ಅಂಗಿಯೇ ಸಹಜವಾಗಿ ಕಾಣುತ್ತದೆಂದು ಕಲಾವಿದರು ಹೇಳಿದರು. ಆದರೆ ಒಬ್ಬನ ರೂಪವನ್ನು ಅವನ ಇಷ್ಟಕ್ಕೆ ವಿರುದ್ಧವಾಗಿ ತೆಗೆದುಕೊಳ್ಳುವುದು ಕೊಡದುದನ್ನು ತೆಗೆದುಕೊಂಡಂತೆಯೇ ಅಲ್ಲವೆ? ಅಚೌರ್ಯವ್ರತವು ಹಣದ ಪೆಟ್ಟಿಗೆಗೆ ಮಾತ್ರ ಸೀಮಿತವಲ್ಲ. ಆತ ಮರುದಿನ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬಂದ. ಭಿತ್ತಿಪತ್ರದಲ್ಲಿ ಹಾಗೆಯೇ ನಿಂತ.

ಹಣ ಕೊಟ್ಟವನಿಗೆ ನಡುವಿನ ಸ್ಥಾನ ಸಲ್ಲಬೇಕೆಂದು ನನ್ನ ಮನಸ್ಸೂ ಬಯಸಿತ್ತು. ಕೊಟ್ಟು ಸ್ಥಾನವನ್ನು ಕೊಳ್ಳುವುದು ವ್ಯಾಪಾರ, ದಾನವಲ್ಲ. ನಲವತ್ತು ವರ್ಷ ವ್ಯಾಪಾರ ಮಾಡಿದ ನನಗೆ ಆ ವ್ಯತ್ಯಾಸವನ್ನು ತೋರಿಸಿಕೊಟ್ಟವನು ಆ ಹಮಾಲಿ.