ತೋಡಿದ ಬಾವಿಯನ್ನು ಮುಚ್ಚುವವರು ಯಾರು?

ಕಾರವಾರ, ಅಂಕೋಲೆಯ ಕಡೆ ಹಳೆಯ ಮನೆಯೆಂದರೆ ಅಂಗಳದಲ್ಲೊಂದು ಬಾವಿ ಇದ್ದೇ ಇರುತ್ತದೆ. ಆ ಬಾವಿಯ ಬಳಕೆ ನಿಂತುಹೋದರೆ, ಮಳೆಗಾಲಕ್ಕೆ ಮೊದಲು ಹಿರಿಯರು ಅದರ ಮೇಲೆ ಹಲಗೆ ಹಾಸಿ, ಕಲ್ಲು ಹೇರಿ, ಸುತ್ತ ಬೇಲಿ ಕಟ್ಟುತ್ತಾರೆ. ‘ನೀರು ಕುಡಿದಾಯಿತು, ಇನ್ನು ನಮಗೇನು?’ ಎಂದು ಕೈತೊಳೆದುಕೊಳ್ಳುವುದಿಲ್ಲ. ಮನೆಯ ಈ ನಡತೆಯೇ ವಿಮೋಚನಾಕಾಂಡದ 21ನೆಯ ಅಧ್ಯಾಯದಲ್ಲಿ ಕಟ್ಟಳೆಯಾಗಿದೆ. ಗುಂಡಿ ತೋಡಿ ಮುಚ್ಚದೆ ಬಿಟ್ಟವನು, ಅದರಲ್ಲಿ ಬೇರೊಬ್ಬರ ಎತ್ತೋ ಕತ್ತೆಯೋ ಬಿದ್ದರೆ ನಷ್ಟ ತುಂಬಿಕೊಡಬೇಕು. ಅವನು ಯಾವ ಪ್ರಾಣಿಯನ್ನೂ ನೂಕಿಲ್ಲ, ನಿಜ. ಮುಚ್ಚದೆ ಹೋದದ್ದೇ ಅವನ ತಪ್ಪು.

ನಮ್ಮ ಕಾಳಿ ನದಿಯ ದಂಡೆಯಲ್ಲೂ ಅಂಥದೊಂದು ಬಾವಿಯಿದೆ, ಕೈಗಾ ಅಣು ವಿದ್ಯುತ್ ಸ್ಥಾವರ. ಅದರ ಮೊದಲ ಎರಡು ಘಟಕಗಳು 2000ದಲ್ಲಿ, ಮೂರನೆಯದು 2007ರಲ್ಲಿ, ನಾಲ್ಕನೆಯದು 2011ರಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿದವು. ಒಂದೊಂದೂ 220 ಮೆಗಾವಾಟ್‌ನದು. ಮೊದಲ ಘಟಕವು 2018ರ ಕೊನೆಯ ದಿನದವರೆಗೆ 962 ದಿನ ಎಡೆಬಿಡದೆ ನಡೆದು ವಿಶ್ವದಾಖಲೆ ಮಾಡಿತು. ಅಲ್ಲಿ ದುಡಿದವರಲ್ಲಿ ನಮ್ಮ ಮನೆಗಳ ಮಕ್ಕಳೂ ಇದ್ದಾರೆ. ಈ ಸ್ಥಾವರ ಬೇಡವೆಂದು ಡಾ. ಶಿವರಾಮ ಕಾರಂತರು 1989ರಲ್ಲಿ ಇಲ್ಲಿಂದ ಲೋಕಸಭೆಗೆ ಸ್ಪರ್ಧಿಸಿ ಸೋತದ್ದು ಹಿರಿಯರಿಗೆ ನೆನಪಿರಬಹುದು. ಬೇಕೋ ಬೇಡವೋ ಎಂಬ ಆ ವಾದವನ್ನು ಇಲ್ಲಿ ಕೆದಕುವುದಿಲ್ಲ. ಬಾವಿ ತೋಡಿಯಾಗಿದೆ. ಮುಂದೊಂದು ದಿನ ಅದನ್ನು ಮುಚ್ಚುವ ಹೊಣೆ ಯಾರದು ಎಂಬುದಷ್ಟೇ ಇಂದಿನ ಪ್ರಶ್ನೆ.

ಅಣು ಸ್ಥಾವರವನ್ನು ಮುಚ್ಚುವುದೆಂದರೆ ಗಿರಣಿಗೆ ಬೀಗ ಹಾಕಿದಂತಲ್ಲ. ಮೊದಲು ಇಂಧನವನ್ನು ಹೊರತೆಗೆಯಬೇಕು, ಭಾರಜಲವನ್ನು ಬಸಿಯಬೇಕು. ಇಷ್ಟಾದರೂ ವರ್ಷಗಟ್ಟಲೆ ಒಳಗಿದ್ದ ಉಕ್ಕು, ಕಾಂಕ್ರೀಟು ತಾವೇ ವಿಕಿರಣ ಸೂಸುತ್ತಿರುತ್ತವೆ. ಉಕ್ಕಿನಲ್ಲಿ ಹುಟ್ಟುವ ಕೋಬಾಲ್ಟ್-60 ಸುಮಾರು 5 ವರ್ಷ 3 ತಿಂಗಳಿಗೊಮ್ಮೆ ಅರ್ಧಕ್ಕಿಳಿಯುತ್ತದೆ. ಸಾವಿರದಲ್ಲೊಂದು ಪಾಲಾಗಲು 50 ವರ್ಷ ದಾಟಬೇಕು. ಆದ್ದರಿಂದ ಹಲವು ದೇಶಗಳಲ್ಲಿ ಸ್ಥಾವರವನ್ನು ಭದ್ರಪಡಿಸಿ, ದಶಕಗಳ ಕಾಲ ಕಾವಲಿಟ್ಟು, ಆಮೇಲೆ ಬಿಚ್ಚುತ್ತಾರೆ. ಇಂಗ್ಲೆಂಡಿನ ಕಾಲ್ಡರ್ ಹಾಲ್ ಸ್ಥಾವರ 1956ರಲ್ಲಿ ಆರಂಭವಾಗಿ 2003ರಲ್ಲಿ ನಿಂತಿತು. 47 ವರ್ಷ ವಿದ್ಯುತ್ ಕೊಟ್ಟ ಅದನ್ನು ಪೂರ್ತಿ ತೆರವುಗೊಳಿಸುವ ಕೆಲಸ ಇನ್ನೂ ಮುಗಿದಿಲ್ಲ.

ಒಂದು ಲೆಕ್ಕ ಹಾಕಿ ನೋಡೋಣ. ಕೈಗಾದ ನಾಲ್ಕನೆಯ ಘಟಕ 40 ವರ್ಷ ನಡೆಯಿತೆನ್ನಿ, ಆಗ 2051. ಅಲ್ಲಿಂದ 50 ವರ್ಷ ಕಾವಲೆಂದರೆ 2101. ಈ ವರ್ಷ ಪ್ರಥಮ ಪರಮಪ್ರಸಾದ ಸ್ವೀಕರಿಸಿದ ಹುಡುಗಿ ಬದುಕಿದ್ದರೆ ಆಗ ಹಣ್ಣು ಮುದುಕಿ. ದೀಪ ಉರಿಸಿಕೊಂಡವರು ನಾವು, ಕಾವಲು ಕಾಯುವವರು ಅವಳ ಮೊಮ್ಮಕ್ಕಳು. ಅವರನ್ನು ಕೇಳದೆ ಅವರ ಹೆಸರಿನಲ್ಲಿ ಸಾಲಪತ್ರಕ್ಕೆ ಸಹಿ ಹಾಕಿದಂತೆ ಇದು. ಪೋಪ್ ಫ್ರಾನ್ಸಿಸ್ ಅವರು 2015ರ ‘ಲಾವ್ದಾತೊ ಸೀ’ ಪತ್ರದಲ್ಲಿ, ಮುಂದೆ ಬರುವವರ ಬಗೆಗಿನ ಹೊಣೆಯನ್ನು ಔದಾರ್ಯದ ಮಾತಾಗಿ ಅಲ್ಲ, ನ್ಯಾಯದ ಮಾತಾಗಿ ಕಂಡರು.

ಹಾಗಾದರೆ ನಾವು ಏನು ಮಾಡಿಟ್ಟಿದ್ದೇವೆ? ಅಣು ವಿದ್ಯುತ್ತಿನ ದರದಲ್ಲಿ ಯೂನಿಟ್ಟಿಗೆ 2 ಪೈಸೆಯಂತೆ ಈ ಕೆಲಸಕ್ಕೆಂದು ತೆಗೆದಿಡುವ ಕ್ರಮ ನಮ್ಮ ದೇಶದಲ್ಲಿದೆ. ನೂರು ಯೂನಿಟ್ಟಿಗೆ ಎರಡು ರೂಪಾಯಿ. ಅದು ಸಾಕೇ? 2012ರಲ್ಲಿ ಮಹಾಲೇಖಪಾಲರು ಸಂಸತ್ತಿಗೆ ಕೊಟ್ಟ ವರದಿ ನಮ್ಮನ್ನು ಎಚ್ಚರಿಸುವಂಥದು. ಸ್ಥಾವರ ಮುಚ್ಚುವ ಬಗ್ಗೆ ಅಣುಶಕ್ತಿ ನಿಯಂತ್ರಣ ಮಂಡಳಿ ಕೈಪಿಡಿ ಹೊರಡಿಸಿ 13 ವರ್ಷ ಕಳೆದರೂ, 30 ವರ್ಷ ನಡೆದವೂ ಕೆಲಸ ನಿಲ್ಲಿಸಿದವೂ ಸೇರಿ, ದೇಶದ ಯಾವ ಸ್ಥಾವರಕ್ಕೂ ಅಂಥ ಯೋಜನೆ ಇಲ್ಲವೆಂದು ಆ ವರದಿ ಹೇಳಿತು. ಸಾಕಷ್ಟು ಹಣವಿದೆಯೇ ಎಂದು ನೋಡುವ ಅಧಿಕಾರವೂ ಮಂಡಳಿಗೆ ಇರಲಿಲ್ಲ.

‘ಇದೆಲ್ಲ ವಿಜ್ಞಾನಿಗಳ ಕೆಲಸ, ನಮಗೇನು ತಿಳಿಯುತ್ತದೆ?’ ಎಂದು ನೀವು ಕೇಳಬಹುದು. ಅಳೆಯುವ ಕೆಲಸ ಅವರದೇ, ಅದನ್ನು ಅವರು ಮಾಡುತ್ತಲೂ ಇದ್ದಾರೆ. ಸ್ಥಾವರ ಆರಂಭವಾಗುವ ಮೊದಲೇ ಮಂಗಳೂರು ವಿಶ್ವವಿದ್ಯಾನಿಲಯದ ಸಂಶೋಧಕರು ಕೈಗಾ ಸುತ್ತಲಿನ ಸಹಜ ವಿಕಿರಣವನ್ನು ಅಳೆದಿಟ್ಟರು. ಮೊದಲು ಎಷ್ಟಿತ್ತೆಂದು ಗೊತ್ತಿದ್ದರೆ ತಾನೇ ಆಮೇಲೆ ಹೆಚ್ಚಿತೇ ಎಂದು ಹೇಳಲಾಗುವುದು? 2009ರ ನವೆಂಬರಿನಲ್ಲಿ ಯಾರೋ ಕಿಡಿಗೇಡಿ ಕೈಗಾದ ಕುಡಿಯುವ ನೀರಿನ ಕೂಲರಿಗೆ ಭಾರಜಲ ಬೆರೆಸಿದಾಗ, ಐವತ್ತಕ್ಕೂ ಹೆಚ್ಚು ಕಾರ್ಮಿಕರ ದೇಹಕ್ಕೆ ಟ್ರಿಟಿಯಂ ಸೇರಿದ್ದು ಬೆಳಕಿಗೆ ಬಂದದ್ದು ಮಾಮೂಲು ಮೂತ್ರ ಪರೀಕ್ಷೆಯಿಂದ. ದಿನವೂ ತಪ್ಪದೆ ಮಾಡುವ, ಬೇಸರ ತರಿಸುವ ಪರೀಕ್ಷೆಯೇ ಅವರನ್ನು ಕಾಯಿತು.

ಉತ್ಪಾದನೆ ನಡೆಯುತ್ತಿರುವಾಗ ಈ ಎಚ್ಚರ ಸುಲಭ. ಸಂಬಳವಿದೆ, ಅಧಿಕಾರಿಗಳಿದ್ದಾರೆ, ಪತ್ರಿಕೆಯವರು ಬರುತ್ತಾರೆ. ವಿದ್ಯುತ್ ನಿಂತ ಮೇಲೆ ಆ ಎಚ್ಚರಕ್ಕೆ ಹಣ ಕೊಡುವವರು ಯಾರು, ಕೇಳುವವರು ಯಾರು? ಸೀಬರ್ಡ್ ನೌಕಾನೆಲೆಗಾಗಿ ಕಾರವಾರದಿಂದ ಅಂಕೋಲೆಯವರೆಗೆ ಮನೆಮಠ ಬಿಟ್ಟವರು ಹೆಚ್ಚಿನ ಪರಿಹಾರಕ್ಕಾಗಿ ಎಷ್ಟು ವರ್ಷ ಕೋರ್ಟು ಅಲೆದರೆಂದು ನಾವು ಕಂಡಿದ್ದೇವೆ. ಮಾತು ಕೊಟ್ಟ ಅಧಿಕಾರಿ ವರ್ಗವಾಗಿ ಹೋಗುತ್ತಾನೆ. ಮಾತು ಕೇಳಿದವನು ಕಾಗದ ಹಿಡಿದು ಅಲ್ಲೇ ಉಳಿಯುತ್ತಾನೆ. ಬದುಕಿದ್ದವರಿಗೇ ಹೀಗಾದರೆ ಇನ್ನೂ ಹುಟ್ಟದವರ ಪರವಾಗಿ ಕಚೇರಿಯ ಮೆಟ್ಟಿಲು ಹತ್ತುವವರು ಯಾರು?

ನಾವೇ ಹತ್ತಬೇಕು, ಈಗಲೇ. ಕೈಗಾದಲ್ಲಿ 700 ಮೆಗಾವಾಟ್‌ನ ಇನ್ನೆರಡು ಘಟಕಗಳ ಯೋಜನೆಯಿದೆ. ಇನ್ನು ಮುಂದೆ ಸಭೆ ಸೇರಿದಾಗ ಉದ್ಯೋಗ, ರಸ್ತೆ, ಆಸ್ಪತ್ರೆ ಕೇಳುವ ಜೊತೆಗೆ ಇದನ್ನೂ ಕೇಳೋಣ: ಮುಚ್ಚುವ ಯೋಜನೆ ಬರಹದಲ್ಲಿದೆಯೇ? ಅದಕ್ಕೆಂದು ಇಟ್ಟ ಹಣ ಎಷ್ಟು? ಕಾಳಿಯ ನೀರು, ಮೀನು, ನಮ್ಮ ಅಕ್ಕಿ, ಹಾಲಿನ ಪರೀಕ್ಷೆಯ ಫಲಿತಾಂಶ ನಮಗೆ ಅರ್ಥವಾಗುವ ಕನ್ನಡದಲ್ಲಿ ಪಂಚಾಯಿತಿಗೆ ಬರುತ್ತದೆಯೇ? ಉತ್ತರ ಬಂದರೆ ಆ ಕಾಗದವನ್ನು ಜೋಪಾನವಾಗಿಡೋಣ. ನಮ್ಮ ಚರ್ಚುಗಳಲ್ಲಿ ಜ್ಞಾನಸ್ನಾನದ ದಾಖಲೆ ಪುಸ್ತಕಗಳನ್ನು ತಲೆಮಾರುಗಳ ಕಾಲ ಕಾಪಾಡಿಲ್ಲವೇ? ಹೆಸರೇ ಗೊತ್ತಿಲ್ಲದವರಿಗಾಗಿ ದಾಖಲೆ ಕಾಯುವುದು ನಮಗೆ ಹೊಸತಲ್ಲ.

ಬಾವಿ ತೋಡಿದ್ದು ಸರ್ಕಾರ, ನಾವಲ್ಲ ಎನ್ನಬಹುದು. ಆದರೆ ಅದರ ನೀರು ನಾವೂ ಕುಡಿದಿದ್ದೇವೆ. ಹಲಗೆ ಸರಿಯಾಗಿ ಕೂತಿದೆಯೇ ಎಂದು ನೋಡಿ, ಎಲ್ಲಿ ಸಡಿಲವಿದೆಯೆಂದು ಮಕ್ಕಳಿಗೆ ಹೇಳಿ ಹೋಗುವಷ್ಟಾದರೂ ನಮ್ಮ ಪಾಲಿಗಿದೆ.