ದಾರಿಯಲ್ಲಿ ಸಿಕ್ಕ ಗುರು

ಒಬ್ಬಂಟಿಯಾಗಿ ಅಲೆಯುತ್ತಿದ್ದ ಅವಧೂತನನ್ನು ಯದುರಾಜನು, ಈ ಆನಂದ ನಿಮಗೆ ಎಲ್ಲಿಂದ ಬಂತು ಸ್ವಾಮೀ ಎಂದು ಕೇಳಿದ ಕಥೆ ಭಾಗವತದ 11ನೇ ಸ್ಕಂಧದಲ್ಲಿದೆ. ಅವಧೂತನು ಹೇಳಿದ 24 ಗುರುಗಳಲ್ಲಿ ಒಬ್ಬಳು ಹೆಸರೂ ತಿಳಿಯದ ಕನ್ಯೆ. ಮನೆಯವರು ಇಲ್ಲದಾಗ ಹೆಣ್ಣು ಕೇಳಲು ನೆಂಟರು ಬಂದರು. ಅವರ ಊಟಕ್ಕೆಂದು ಭತ್ತ ಕುಟ್ಟತೊಡಗಿದಳು. ಕೈಬಳೆಗಳು ಗಲಗಲ ಅಂದವು. ಬಡತನ ಬಯಲಾಗುತ್ತದಲ್ಲಾ ಎಂದು ನಾಚಿ, ಕೈಗೊಂದೇ ಬಳೆ ಉಳಿಸಿಕೊಂಡಳು. ಸದ್ದಡಗಿತು. ಹಲವರಿದ್ದರೆ ಜಗಳ, ಇಬ್ಬರಿದ್ದರೆ ಹರಟೆ, ಒಬ್ಬನೇ ಇದ್ದರೆ ಶಾಂತಿ ಎಂಬುದನ್ನು ಅವಧೂತ ಅಲ್ಲಿ ಕಲಿತ. ತಾನು ಗುರುವಾದದ್ದು ಆಕೆಗೆ ಗೊತ್ತೇ ಇಲ್ಲ!

ಭಕ್ತರೇ, ಒಂಟಿಯಾಗಿ ಬೆಟ್ಟ ಹತ್ತುವಾಗ ಮಾತು ಕಡಿಮೆ ಮಾಡಿ, ಕಣ್ಣು ತೆರೆದಿಡಿ. ನೀರು ಕೊಟ್ಟವರು, ಕೂತು ಕೂತು ಮೆಟ್ಟಿಲೇರುವ ಅಜ್ಜಿ, ಇವರಲ್ಲಿ ಯಾರು ಗುರುವೋ ಬಲ್ಲವರಾರು? ಹಿಂದೆ ಬರುವವರು ನಮ್ಮನ್ನೂ ನೋಡುತ್ತಿರುತ್ತಾರೆ, ನೆನಪಿರಲಿ.