ಅಭಯದಾನ

ಕನ್ನಡ ನಾಡಿನ ಜೈನ ಶಾಸನಗಳನ್ನು ತಿರುವಿಹಾಕಿದವರಿಗೆ ಆಹಾರ, ಅಭಯ, ಔಷಧ, ಶಾಸ್ತ್ರವೆಂಬ ಚತುರ್ವಿಧ ದಾನಗಳ ಪ್ರಸ್ತಾಪವು ಮತ್ತೆ ಮತ್ತೆ ಎದುರಾಗುತ್ತದೆ. ಉಳಿದ ಮೂರನ್ನು ಕೊಡಲು ಕೈಯಲ್ಲಿ ಏನಾದರೂ ಇರಬೇಕು. ಅಭಯವೊಂದನ್ನು ಮಾತ್ರ ಬರಿಗೈಯವನೂ ಕೊಡಬಲ್ಲನು. ಆದರೆ ತನ್ನಿಂದ ಭಯವುಂಟಾಗುತ್ತಿರುವುದನ್ನೇ ಅರಿಯದವನು ಅಭಯವನ್ನೀಯುವುದೆಂತು? ಈ ಪ್ರಶ್ನೆ ನನ್ನಲ್ಲಿ ಮೊಳೆತದ್ದು ಬಸದಿಯಲ್ಲಲ್ಲ, ಹಿಮಾಚಲ ಪ್ರದೇಶದ ಬಿಲ್ಲಿಂಗ್ ಎಂಬ ಹುಲ್ಲುಗಾವಲಿನ ನೆನಪಿನಿಂದ.

ಸುಮಾರು 2,400 ಮೀಟರ್ ಎತ್ತರದ ಆ ಇಳಿಜಾರಿನಲ್ಲಿ ಬಣ್ಣದ ಬಟ್ಟೆಯನ್ನು ಹಾಸಿ, ಎಳೆಯಂಥ ಹಗ್ಗಗಳ ಸಿಕ್ಕು ಬಿಡಿಸಿ, ಗಾಳಿ ಎದುರಾದೊಡನೆ ನಾಲ್ಕು ಹೆಜ್ಜೆ ಓಡುವಷ್ಟರಲ್ಲಿ ಮನುಷ್ಯನ ಕಾಲು ನೆಲವನ್ನು ಬಿಟ್ಟಿರುತ್ತದೆ. ಮೇಲೇರುವ ಬಿಸಿಗಾಳಿ ಅವನ ಕಣ್ಣಿಗೆ ಕಾಣದು. ಅದರ ನೆಲೆಯನ್ನು ತೋರಿಸುವುದು ಹಿಮಾಲಯದ ರಣಹದ್ದು. ಮೂರು ಮೀಟರಿಗೆ ಸಮೀಪವಾದ ರೆಕ್ಕೆಗಳನ್ನು ಹರಡಿ, ಬಡಿಯದೆಯೇ ಅದು ಸುತ್ತುವೆಡೆಗೆ ಪೈಲಟ್ ತನ್ನ ಪ್ಯಾರಾಗ್ಲೈಡರನ್ನು ತಿರುಗಿಸುತ್ತಾನೆ. ಗುರುಶಿಷ್ಯರಿಬ್ಬರೂ ಒಂದೇ ಸುಳಿಯಲ್ಲಿ ಏರುತ್ತಾರೆ. ಕೊಕ್ಕರೆಗಳನ್ನು ನೋಡಿ ನೋಡಿ 1891ರಲ್ಲಿ ಜರ್ಮನಿಯಲ್ಲಿ ಹಾರಿದ ಓಟೊ ಲಿಲಿಯೆಂಥಾಲನಿಂದ ಮೊದಲ್ಗೊಂಡು ಈ ವಿದ್ಯೆಯೆಲ್ಲ ಹಕ್ಕಿಗಳಿಂದ ತಂದ ಸಾಲವೇ ಸರಿ. ಹೊಗೆಯಿಲ್ಲ, ಯಂತ್ರದ ಸದ್ದಿಲ್ಲ. ಇದಕ್ಕಿಂತ ನಿರುಪದ್ರವಿಯಾದ ವಿನೋದವುಂಟೇ ಎಂದು ನನಗೂ ಅನ್ನಿಸಿತ್ತು.

ಆಲ್ಪ್ಸ್ ಪರ್ವತಗಳ ವೃತ್ತಾಂತ ಬೇರೆ. ಅಲ್ಲಿಯ ಕಡಿದಾದ ಹುಲ್ಲುಪಟ್ಟಿಗಳಲ್ಲಿ ಮೇಯುವ ಶಾಮ್ವಾ ಎಂಬ ಕಾಡುಮೇಕೆಗೆ, ಮರಿಗಳ ಮೇಲೆರಗುವ ಹೊಂಬಣ್ಣದ ಹದ್ದು ಆಕಾಶದಿಂದಲೇ ಬರುವ ಶತ್ರು. ಶಿಖರವನ್ನು ದಾಟಿ ಥಟ್ಟನೆ ತಲೆಯ ಮೇಲೆ ಮೂಡಿದ ಆ ವಿಶಾಲವಾದ ರೆಕ್ಕೆಯ ಕೆಳಗೆ, ರಜೆಯನ್ನು ಕಳೆಯಲು ಬಂದ ಸಾತ್ತ್ವಿಕ ಗುಮಾಸ್ತನೊಬ್ಬನು ತೂಗುತ್ತಿರುವನೆಂದು ಅದಕ್ಕೆ ಹೇಗೆ ತಿಳಿದೀತು? ಮೇವನ್ನು ಬಿಟ್ಟು ಹಿಂಡು ಕಾಡಿನೊಳಕ್ಕೆ ಓಡುತ್ತದೆ. ನಾವು ಗುಣವೆಂದೆಣಿಸಿದ ನಿಶ್ಶಬ್ದವೇ ಅಲ್ಲಿ ದೋಷ. ಮೈಯ ಕೊಬ್ಬನ್ನು ಜಿಪುಣನಂತೆ ವ್ಯಯಿಸಿ ಚಳಿಗಾಲವನ್ನು ಕಳೆಯುವ ಪ್ರಾಣಿಗೆ ಹಿಮದಲ್ಲಿ ಅಂಥದೊಂದು ಓಟವೂ ದುಬಾರಿ. ಗಡ್ಡದ ರಣಹದ್ದಿನ ಪಾಡು ಇನ್ನೂ ನಾಜೂಕು: ನಿರ್ಮೂಲವಾಗಿದ್ದ ಅದನ್ನು 1986ರಿಂದ ಮತ್ತೆ ಆಲ್ಪ್ಸಿಗೆ ತಂದು ಬಿಡಲಾಯಿತು; ನಡುಚಳಿಗಾಲದಲ್ಲಿ ಮೊಟ್ಟೆಯಿಟ್ಟು ವರ್ಷಕ್ಕೊಂದೇ ಮರಿಯನ್ನು ಸಾಕುವ ಆ ಜೋಡಿ ಬೆದರಿ ಗೂಡಿನಿಂದೆದ್ದರೆ, ಮೊಟ್ಟೆ ತಣ್ಣಗಾಗಿ ಆ ವರ್ಷದ ಸಂತಾನವೇ ಹೋಗಬಹುದು.

ಮುಟ್ಟದೆ, ದ್ವೇಷಿಸದೆ, ನೋಡದೆ ಮಾಡಿದ್ದೂ ಹಿಂಸೆಯೇ? ಉಮಾಸ್ವಾತಿಯ ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣದಲ್ಲಿ ಪ್ರಮಾದವನ್ನು, ಎಂದರೆ ಎಚ್ಚರಗೇಡಿತನವನ್ನು, ಮುಂದಿಟ್ಟಿದೆ. ನೊಗದಷ್ಟು ದೂರದ ನೆಲವನ್ನು ನೋಡಿಕೊಂಡು ಹೆಜ್ಜೆಯಿಡುವ ಮುನಿಯ ಈರ್ಯಾಸಮಿತಿ ನಡೆಯುವವನಿಗಾಗಿ ಹುಟ್ಟಿದ ನಿಯಮ. ಹಾರುವವನ ನೋಟ ಒಂದು ಕಣಿವೆಯಷ್ಟಾದರೂ ಮುಂದಿರಬೇಕಾಗುತ್ತದೆ. ಅರಿಯದೆ ಬೆದರಿಸಿದವನನ್ನು ನಾನು ದೂಷಿಸಲಾರೆ. ಆದರೆ ಒಮ್ಮೆ ತಿಳಿದ ಮೇಲೂ ಗೂಡಿರುವ ಅದೇ ಬಂಡೆಯ ಬಳಿ ಸುತ್ತುವವನದು ಅಜ್ಞಾನವಲ್ಲ.

ಫ್ರಾನ್ಸ್, ಸ್ವಿಟ್ಸರ್ಲೆಂಡ್‌ಗಳಲ್ಲಿ ವನ್ಯಜೀವಿಗಳ ಸೂಕ್ಷ್ಮ ನೆಲೆಗಳನ್ನು ನಕ್ಷೆಯಲ್ಲಿ ಗುರುತಿಸಿ, ಹಾರುವವರು ಅವನ್ನು ಬಳಸಿ ಹೋಗಬೇಕೆಂದು ಕೇಳಿಕೊಂಡಿದ್ದಾರೆ. ಗಡ್ಡದ ರಣಹದ್ದಿನ ಮರಿ ಬೇಸಗೆಯಲ್ಲಿ ರೆಕ್ಕೆ ಬಲಿತು ಗೂಡನ್ನು ಬಿಡುತ್ತದೆ; ಅಲ್ಲಿಯವರೆಗೆ ಆ ಒಂದು ಬಂಡೆಯನ್ನು ಬಿಟ್ಟುಕೊಡಿ.